ಮಾತಾಡದ ಕರಿ ಕೀ

ಪಿಯಾನೋ ರಿಪೇರಿಯವರು ಶುಕ್ರವಾರ ಹತ್ತು ಗಂಟೆಗೆ ಬರುತ್ತಾರೆಂದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹೇಳಿದ್ದು ಬುಧವಾರ. ಆ ಕ್ಷಣದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

"ದೊಡ್ಡ ಸಿಸ್ಟರ್ ಶನಿವಾರ ಬೆಳಿಗ್ಗೆ ಹೊರಡ್ತಾರೆ. ಇಷ್ಟು ವರ್ಷ ಆ ಒಂದು ಕೀ ಮುಟ್ಟೋಕೆ ಯಾರನ್ನೂ ಬಿಡ್ಲಿಲ್ಲ ಅವರು. ಇನ್ನಾದ್ರೂ ಸರಿ ಮಾಡಿಸೋಣ. ನೀವು ಜೊತೆಗಿರಿ," ಎಂದು ಅವರು ಹಾಜರಿ ಪುಸ್ತಕದಿಂದ ತಲೆಯೆತ್ತದೆ ಹೇಳಿದರು. ನಾನು "ಆಗ್ಲಿ ಸಿಸ್ಟರ್" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಸುತ್ತಿ ಬಳಸಿ ಹೇಳುವುದು ಬೇಡ. ಆ ಕೀ ಕೆಡಿಸಿದವಳು ನಾನು. ಈಗ ನಾನು ಈ ಶಾಲೆಯ ಸಂಗೀತದ ಟೀಚರು, ಮೂರು ವರ್ಷವಾಯಿತು. ಅದಕ್ಕೂ ಮೊದಲು, ಒಂಬತ್ತು ವರ್ಷದವಳಾಗಿದ್ದಾಗ, ಇದೇ ಕೋಣೆಯಲ್ಲಿ ಎರಡನೇ ಸಾಲಿನ ಬೆಂಚಿನಲ್ಲಿ ಕೂತು ದೊಡ್ಡ ಸಿಸ್ಟರ್ ಹತ್ತಿರ ಹಾಡು ಕಲಿತವಳು. ಆಗ ಅವರನ್ನು ಹುಡುಗಿಯರೆಲ್ಲ ಟಕ್ ಟಕ್ ಸಿಸ್ಟರ್ ಎನ್ನುತ್ತಿದ್ದೆವು. ಕೈಯಲ್ಲಿ ಸದಾ ಮರದ ಸ್ಕೇಲು. ಅದರಿಂದ ಯಾರಿಗೂ ಒಂದು ಏಟು ಹಾಕಿದವರಲ್ಲ, ಪಿಯಾನೋ ಅಂಚಿಗೆ ತಾಳ ಹಾಕುತ್ತಿದ್ದರು ಅಷ್ಟೇ. ಆದರೆ ಆ ಟಕ್ ಟಕ್ ಕೇಳಿದರೆ ನಮ್ಮ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಆ ವರ್ಷ ಬಹುಮಾನ ವಿತರಣೆಯ ದಿನ ಒಬ್ಬಳೇ ನಿಂತು ಹಾಡುವ ಭಾಗ ನನಗೇ ಎಂದು ನಾನು ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಸಿಸ್ಟರ್ ಅದನ್ನು ಡಾಕ್ಟರ ಮಗಳಿಗೆ ಕೊಟ್ಟರು. ಅವಳು ನನಗಿಂತ ಚೆನ್ನಾಗಿ ಹಾಡುತ್ತಿದ್ದಳು ಎನ್ನುವುದು ಬೇರೆ ಮಾತು, ಕೋಪಕ್ಕೆ ಅದೆಲ್ಲ ಕಾಣುತ್ತದೆಯೇ. ಊಟದ ಬಿಡುವಿನಲ್ಲಿ ಸಂಗೀತದ ಕೋಣೆಗೆ ನುಗ್ಗಿ, ಮುಚ್ಚಳ ತೆಗೆದು, ಬಲಗಡೆಯ ಕೀಗಳ ಮೇಲೆ ಮುಷ್ಟಿ ಬಿಗಿದು ಮೂರು ಸಲ ಗುದ್ದಿದೆ. ಪಿಯಾನೋ ಕೆಟ್ಟದಾಗಿ ಅರಚಿತು. ನಾನು ಓಡಿದೆ.

ಮುಂದಿನ ವಾರ ಹೊಸ ಹಾಡು. ನಾಲ್ಕನೇ ತರಗತಿಗೆ ಬಂದವರಿಗೆ ಮಾತ್ರ ಹೇಳಿಕೊಡುವ ಹಾಡು ಅದು, ಚಾಪೆಲ್ಲಿನಲ್ಲಿ ಹಾಡಲಿಕ್ಕೆ. ಮೂರನೇ ಸಾಲಿನಲ್ಲಿ 'ಬಾಗಿಲ ತೆರೆ' ಎಂದ ಮೇಲೆ ಸಿಸ್ಟರ್ ಬೆರಳು ಒಂದು ಕರಿ ಕೀ ಮೇಲೆ ಇಳಿಯಿತು. ಸದ್ದಿಲ್ಲ. ಒಂದು ತಾಳದಷ್ಟು ಹೊತ್ತು ಕೋಣೆ ಪೂರ್ತಿ ಮೌನ. ಆಮೇಲೆ 'ತಾಯೆ' ಎಂದು ಹಾಡು ಮುಂದುವರಿಯಿತು. "ಅಲ್ಲಿ ಯಾಕೆ ನಿಲ್ಲಿಸೋದು ಸಿಸ್ಟರ್?" ಎಂದು ಯಾರೋ ಕೇಳಿದರು.

"ಗೊತ್ತಿರೋರಿಗೆ ಗೊತ್ತು," ಎಂದರು ಸಿಸ್ಟರ್. ಅವರ ಕಣ್ಣು ಬೆಂಚಿನಿಂದ ಬೆಂಚಿಗೆ ಹರಿದು ನನ್ನ ಮೇಲೆ ನಿಂತಿತು. ಅಥವಾ ನಿಂತಿತು ಎಂದು ನಾನು ತಿಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ನನ್ನ ಮುಷ್ಟಿಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟೆ.

ಹತ್ತನೇ ವಯಸ್ಸಿಗೆ ಪಾಪನಿವೇದನೆಯಲ್ಲಿ ಫಾದರಿಗೆ ಹೇಳಿದೆ, ಅದೂ ಅರ್ಧ. "ಶಾಲೆಯ ಒಂದು ವಸ್ತು ಹಾಳು ಮಾಡಿದೆ." ಫಾದರ್ ಮೂರು ಪ್ರಾರ್ಥನೆ ಹೇಳು ಎಂದರು. ಆಮೇಲೆ, "ಯಾರ ವಸ್ತುವೋ ಅವರಿಗೆ ಹೋಗಿ ಹೇಳು ಮಗು," ಎಂದರು. ಪ್ರಾರ್ಥನೆ ಅವತ್ತು ಸಂಜೆಯೇ ಮುಗಿಯಿತು. ಹೋಗಿ ಹೇಳುವುದು ಮೂವತ್ತೊಂದು ವರ್ಷದಿಂದ ಬಾಕಿ.

ಈ ಕೆಲಸಕ್ಕೆ ಅರ್ಜಿ ಹಾಕಿದಾಗ, ಮೊದಲ ದಿನವೇ ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ. ದೊಡ್ಡ ಸಿಸ್ಟರ್ ಮಂಡಿ ಸೋತು, ಪಾಠ ಬಿಟ್ಟು, ಸಂಗೀತದ ಕೋಣೆಯ ನೇರ ಮೇಲಿನ ಕೋಣೆಯಲ್ಲೇ ಇದ್ದರು. ಇಪ್ಪತ್ತೆರಡು ಮೆಟ್ಟಿಲು. ಎಷ್ಟು ಸಲ ಹತ್ತಿದ್ದೇನೋ, ಹನ್ನೊಂದನೆಯದರಲ್ಲಿ ಮೆಟ್ಟಿಲು ತಿರುಗುವ ಕಡೆ ನಿಂತು ಹಾಗೇ ಇಳಿದಿದ್ದೇನೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುವವರ ಪೈಕಿ ನಾನು. ಕೆಳಗಿಳಿದು ಪಾಠ ಮಾಡುತ್ತಿದ್ದೆ. ಮೂರನೇ ಸಾಲು ಬಂದಾಗ ಆ ಕರಿ ಕೀ ಒತ್ತುತ್ತಿದ್ದೆ, ಮಕ್ಕಳು ಸುಮ್ಮನಾಗುತ್ತಿದ್ದರು, 'ತಾಯೆ' ಎನ್ನುತ್ತಿದ್ದರು. ಲೈಬ್ರರಿಯ ಹಳೆಯ ಹಾಡಿನ ಪುಸ್ತಕದಲ್ಲಿ ಅದು 'ಬಾಗಿಲ ತೆರೆ, ಓ ತಾಯೆ' ಎಂದು ಅಚ್ಚಾಗಿದೆ. ಅದನ್ನು ನೋಡಿದ ದಿನ ನನಗೆ ಇನ್ನೂ ಸಂಕಟವಾಯಿತು. ಹಿಂದೆ ಎಲ್ಲರೂ ಆ 'ಓ' ಹಾಡುತ್ತಿದ್ದರು, ನಾನು ಅದನ್ನು ಶಾಲೆಯ ಬಾಯಿಂದಲೇ ಕಿತ್ತುಕೊಂಡೆ.

ಬುಧವಾರ ಸಂಜೆ ಮತ್ತೆ ಹತ್ತಿದೆ. ಹನ್ನೊಂದನೇ ಮೆಟ್ಟಿಲು. ಮೇಲೆ ಯಾರೋ ಪೆಟ್ಟಿಗೆ ಎಳೆಯುತ್ತಿದ್ದ ಸದ್ದು. ಜನ ಇದ್ದಾರೆ, ನಾಳೆ ನೋಡೋಣ ಎಂದು ಇಳಿದೆ.

ಮನೆಯಲ್ಲಿ ಪಾತ್ರೆ ತೊಳೆಯುವಾಗ ಒಂದು ಲೋಟ ಒಡೆದೆ. ನಮ್ಮನೆಯವರದ್ದು ಔಷಧಿ ಅಂಗಡಿ. ಜಗತ್ತಿನ ಯಾವ ತಳಮಳಕ್ಕೂ ಅವರ ಹತ್ತಿರ ಇರುವುದು ಗ್ಯಾಸಿನ ಮಾತ್ರೆ. "ಮನೆಗೆ ಬಂದಾಗಿನಿಂದ ನೋಡ್ತಿದ್ದೀನಿ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯ. ಇದು ನುಂಗು," ಎಂದು ಮಾತ್ರೆ ಮುಂದಿಟ್ಟರು. ನುಂಗಿದೆ. ಏನೂ ಕಡಿಮೆಯಾಗಲಿಲ್ಲ.

ಗುರುವಾರ ನಾಲ್ಕನೇ ತರಗತಿ. ಅದರಲ್ಲೊಬ್ಬಳಿದ್ದಾಳೆ, ನಾನು ಮನಸ್ಸಿನಲ್ಲೇ ಹರಳೆಣ್ಣೆ ಎಂದು ಹೆಸರಿಟ್ಟವಳು. ಯಾವಾಗಲೂ ಹರಳೆಣ್ಣೆ ಕುಡಿದ ಮುಖ. ವರ್ಷದ ಶುರುವಿನಲ್ಲಿ ಹಾಗಿರಲಿಲ್ಲ, ಪಿಯಾನೋ ಸುತ್ತಲೇ ಸುಳಿಯುತ್ತಿದ್ದಳು, ಮುಟ್ಟಬೇಡ ಎಂದು ನಾನೇ ಎಷ್ಟೋ ಸಲ ಗದರಿದ್ದೆ. ಎರಡು ವಾರದಿಂದ ಕೊನೆಯ ಬೆಂಚು ಬಿಟ್ಟು ಏಳುತ್ತಿಲ್ಲ. ಹಾಡೆಂದರೆ ಬಾಯಿ ತೆರೆಯುವುದಿಲ್ಲ. ಅವತ್ತು ಅವಳ ತಾಯಿ ಬರೆದ ಚೀಟಿ ಬಂತು. 'ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ. ದಯವಿಟ್ಟು ಸಂಗೀತ ಬಿಡಿಸಿ ಹೊಲಿಗೆ ತರಗತಿಗೆ ಹಾಕಿ.' ನನಗೆ ನನ್ನದೇ ತಲೆ ಕೆಟ್ಟು ಹೋಗಿತ್ತು. ಕಿವಿ ಇಲ್ಲದ ಮಗು ಹೊಲಿಗೆಯನ್ನಾದರೂ ಕಲಿಯಲಿ ಎಂದು ಚೀಟಿಯನ್ನು ಪರ್ಸಿಗೆ ತುರುಕಿದೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಿಟ್ಟುಕೊಳ್ಳಬೇಕು ಅನ್ನಿಸುತ್ತದೆ.

ಶುಕ್ರವಾರ ಹತ್ತಕ್ಕೆ ಐದು ನಿಮಿಷವಿರುವಾಗಲೇ ರಿಪೇರಿಯವರು ಬಂದರು. ವಯಸ್ಸಾದ, ಸಣಕಲು ಮನುಷ್ಯ. ನನ್ನನ್ನು ಮಾತಾಡಿಸುವ ಮೊದಲು ಪಿಯಾನೋ ಬೆನ್ನು ತಟ್ಟಿ "ಹೇಗಿದ್ದೀಯಮ್ಮ" ಎಂದರು. ಚೀಲದಿಂದ ಸಲಕರಣೆ ತೆಗೆದು ಬಟ್ಟೆಯ ಮೇಲೆ ಒಂದೊಂದಾಗಿ ಜೋಡಿಸತೊಡಗಿದರು. ನನಗೆ ಆ ನಿಧಾನ ತಡೆಯಲಾಗಲಿಲ್ಲ. ಕಿಟಕಿಗೆ ಹೋದೆ, ಬಂದೆ, ಬೋರ್ಡು ಒರೆಸಿದೆ, ಒರೆಸಿದ ಬೋರ್ಡನ್ನೇ ಮತ್ತೆ ಒರೆಸಿದೆ.

"ಇಪ್ಪತ್ತೆರಡು ವರ್ಷದಿಂದ ನಾನೇ ಇದಕ್ಕೆ ಶ್ರುತಿ ಮಾಡೋನು," ಎಂದರು ಅವರು. "ಪ್ರತಿ ಸಲ ದೊಡ್ಡ ಸಿಸ್ಟರದ್ದು ಒಂದೇ ಮಾತು. ಆ ಕರಿ ಕೀ ಒಂದು ಬಿಟ್ಟು ಉಳಿದದ್ದು ಮಾಡಿ ಅಂತ. ಹಲ್ಲು ಡಾಕ್ಟರ ಹತ್ರ ಹೋಗಿ ಹುಳುಕು ಹಲ್ಲೊಂದು ಬಿಟ್ಟು ಮಿಕ್ಕಿದ್ದು ನೋಡಿ ಅಂದ ಹಾಗೆ."

"ಯಾಕಂತೆ?" ಎಂದೆ.

"ಒಂದ್ಸಲ ಕೇಳಿದ್ದೆ. ಯಾರೋ ಬರೋರಿದ್ದಾರೆ, ಅಲ್ಲೀವರೆಗೂ ಹಾಗೇ ಇರಲಿ ಅಂದ್ರು."

ನಾನು ಡಸ್ಟರನ್ನು ಹಿಡಿದುಕೊಂಡೇ ನಿಂತೆ. ಯಾರೋ ಬರುವವರು. ಮೂವತ್ತೊಂದು ವರ್ಷ ಆ ಹೆಂಗಸು ಒಂದು ಕೀಯನ್ನು ಸಾಕ್ಷಿಯ ಹಾಗೆ ಕಾದಿಟ್ಟು ನನ್ನ ದಾರಿ ನೋಡಿದ್ದಾರೆ. ಇನ್ನು ಐದು ನಿಮಿಷಕ್ಕೆ ಈ ಮನುಷ್ಯ ಮುಚ್ಚಳ ತೆಗೆದು, ಯಾರೋ ಗುದ್ದಿದ್ದಾರೆ ಎನ್ನುತ್ತಾರೆ. ಆಮೇಲೆ ಹೋಗಿ ಹೇಳಿದರೆ ಅದು ಹೇಳಿದ ಹಾಗಲ್ಲ, ಸಿಕ್ಕಿಬಿದ್ದ ಹಾಗೆ.

"ಹತ್ತು ನಿಮಿಷ ತಡೀರಿ. ಮುಚ್ಚಳ ತೆಗೀಬೇಡಿ," ಎಂದೆ.

"ನನಗೇನಮ್ಮ, ನಾನು ಇಪ್ಪತ್ತೆರಡು ವರ್ಷ ತಡೆದಿದ್ದೀನಿ," ಎಂದರು.

ಈ ಸಲ ಹನ್ನೊಂದನೇ ಮೆಟ್ಟಿಲಲ್ಲಿ ನಿಲ್ಲಲಿಲ್ಲ. ನಿಂತರೆ ಕಾಲು ತಾನಾಗಿ ಇಳಿಯುತ್ತದೆ ಎಂದು ಗೊತ್ತಿತ್ತು.

ಸಿಸ್ಟರ್ ಕಿಟಕಿಯ ಪಕ್ಕ ಗಾಲಿ ಕುರ್ಚಿಯಲ್ಲಿದ್ದರು. ಒಂದೇ ಒಂದು ಪೆಟ್ಟಿಗೆ ಕಟ್ಟಿ ಇಟ್ಟಿತ್ತು, ಅದರ ಮೇಲೆ ಮರದ ಸ್ಕೇಲು. ಇಷ್ಟೇನಾ ಎನ್ನಿಸಿತು ನನಗೆ. ಅವರ ಮುಂದೆ ಸ್ಟೂಲಿನ ತುದಿಯಲ್ಲಿ ಕೂತು, "ಸಿಸ್ಟರ್, ಆ ಕೀ ಕೆಡಿಸಿದ್ದು ನಾನು," ಎಂದೆ.

"ಏನು?"

ಅವರ ಬಲಗಿವಿ ಪೂರ್ತಿ ಹೋಗಿತ್ತು, ನಾನು ಆ ಕಡೆಯೇ ಕೂತಿದ್ದೆ. ಇನ್ನೊಮ್ಮೆ ಹೇಳಿದೆ. ಅವರು ತಲೆ ಅಲ್ಲಾಡಿಸಿ ಎಡಗಿವಿಗೆ ಕೈ ಒಡ್ಡಿದರು. ಮೂವತ್ತೊಂದು ವರ್ಷ ಪಿಸುಗುಟ್ಟಲೂ ಆಗದಿದ್ದ ಮಾತನ್ನು ನಾನು ಕೊನೆಗೆ ಹರಾಜು ಕೂಗಿದ ಹಾಗೆ ಕೂಗಬೇಕಾಯಿತು. "ಪಿಯಾನೋದು ಕರಿ ಕೀ. ನಾನೇ ಗುದ್ದಿ ಮುರಿದಿದ್ದು. ನಾಲ್ಕನೇ ಕ್ಲಾಸಿನಲ್ಲಿ." ಪಡಸಾಲೆ ಒರೆಸುತ್ತಿದ್ದ ಆಯಮ್ಮ ಒರೆಸುವುದನ್ನು ನಿಲ್ಲಿಸಿ ಬಾಗಿಲಲ್ಲಿ ಇಣುಕಿದಳು.

ಸಿಸ್ಟರ್ ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು. ನಗುತ್ತಿದ್ದರು.

"ನೀನು ಎಂಟನೆಯವಳು," ಎಂದರು.

ನನಗೆ ಅರ್ಥವಾಗಲಿಲ್ಲ.

"ನಾನು ಈ ಶಾಲೆಗೆ ಬಂದಾಗಲೇ ಆ ಕೀ ಸತ್ತಿತ್ತು ಕಣೇ. ನೀನಿನ್ನೂ ಹುಟ್ಟಿರ್ಲಿಲ್ಲ. ರಿಪೇರಿ ಮಾಡಿಸಿ ಅಂದೆ, ಆವಾಗಿನ ಮದರು ಒಂದು ಕೀ ತಾನೇ ಅಂದ್ರು. ಮಕ್ಕಳು ಕೇಳಿದ್ದನ್ನ ಕಲೀತಾರೆ. ಪಿಯಾನೋ ನಿಂತ ಕಡೆ ಅವರೂ ನಿಂತ್ರು. ಯಾಕೆ ಅಂತ ಒಬ್ಬಳು ಕೇಳಿದ್ಲು. ಪಿಯಾನೋ ಕೆಟ್ಟಿದೆ ಅನ್ನೋಕೆ ನನಗೆ ನಾಚಿಕೆ. ಹೊಸಬಳಲ್ವಾ. ಗೊತ್ತಿರೋರಿಗೆ ಗೊತ್ತು ಅಂದುಬಿಟ್ಟೆ. ಬಾಯಿಗೆ ಬಂದ ಮಾತು, ಅಷ್ಟೇ. ಆಮೇಲೆ ಪ್ರತಿ ವರ್ಷ ಅದೇ ಮಾತು."

ಹತ್ತು ಹನ್ನೆರಡು ವರ್ಷದ ಮೇಲೆ ಮೊದಲನೆಯವಳು ಬಂದಳಂತೆ. ನರ್ಸು, ಕಂಕುಳಲ್ಲಿ ಕೂಸು. ಕೀಗಳ ಸಂದಿಗೆ ಶಾಯಿ ಸುರಿದಿದ್ದೆ, ಕ್ಷಮಿಸಿ ಸಿಸ್ಟರ್, ಎಂದು ಅತ್ತಳಂತೆ. ಆಮೇಲೆ ಬಂದವಳು ಮುಚ್ಚಳವನ್ನು ದಬಾರನೆ ಹಾಕಿದವಳು. ಇನ್ನೊಬ್ಬಳು ಪೆನ್ಸಿಲ್ ತೂರಿಸಿದವಳು. ಸಿಸ್ಟರ್ ಎಲ್ಲರಿಗೂ ನಿಜ ಹೇಳಿದರಂತೆ. ಅವರೆಲ್ಲ ಕಣ್ಣೊರೆಸಿಕೊಂಡು, ನಕ್ಕು, ಸಂಜೆಯವರೆಗೂ ಕೂತು ಗಂಡ, ಮಕ್ಕಳು, ಅತ್ತೆ, ಕೆಲಸ ಎಲ್ಲ ಹೇಳಿ ಹೋದರಂತೆ.

"ನಲವತ್ತು ವರ್ಷ ಪಾಠ ಮಾಡಿದೆ. ಹಾಡು ಕಲಿತಿದ್ದಕ್ಕೆ ಅಂತ ಒಬ್ಬಳೂ ತಿರುಗಿ ಬರ್ಲಿಲ್ಲ. ಪಿಯಾನೋ ಕೆಡಿಸಿದೆ ಅಂದುಕೊಂಡೋರು ಬಂದ್ರು," ಎಂದರು ಸಿಸ್ಟರ್. "ಆ ಕೀ ಸರಿ ಮಾಡಿಸಿಬಿಟ್ರೆ ಇನ್ನು ಯಾರು ಬರ್ತಾರೆ ಅನ್ನಿಸ್ತು. ಅದಕ್ಕೇ ಮುಟ್ಟೋಕೆ ಬಿಡ್ಲಿಲ್ಲ."

ನನಗೆ ಹಗುರಾಗಬೇಕಿತ್ತು. ಬಂದದ್ದು ಕೋಪ. ಒಂಬತ್ತು ವರ್ಷದವಳಾಗಿದ್ದಾಗ ಬಂದಿತ್ತಲ್ಲ, ಅದೇ ಕೋಪ, ಕೈ ತಾನಾಗಿ ಮುಷ್ಟಿಯಾಯಿತು. "ಮೂವತ್ತೊಂದು ವರ್ಷ ಸಿಸ್ಟರ್. ಮೂರು ವರ್ಷದಿಂದ ನಾನು ನಿಮ್ಮ ಕಾಲ ಕೆಳಗೇ ಇದ್ದೀನಿ."

"ಗೊತ್ತು. ನೀನು ಅರ್ಧ ಹತ್ತಿ ಇಳಿದು ಹೋಗೋ ಸದ್ದು ಈ ಒಂದು ಕಿವಿಗೆ ಕೇಳಿಸ್ತಿತ್ತು. ಇವಳೂ ಒಬ್ಬಳು ಅಂದುಕೊಳ್ತಿದ್ದೆ."

"ಕರೀಬಹುದಿತ್ತಲ್ಲ."

"ಕರೆಸಿಕೊಂಡು ಬಂದರೆ ಅದು ಬಂದ ಹಾಗಾ ಅಂತ ಇದ್ದೆ." ಸಿಸ್ಟರ್ ನಗು ನಿಂತಿತು. ಸ್ಕೇಲನ್ನು ಎತ್ತಿಕೊಂಡು ಅದರ ಅಂಚನ್ನು ಬೆರಳಿನಿಂದ ಸವರಿದರು. "ನಿನ್ನೆ ಪೆಟ್ಟಿಗೆ ಕಟ್ಟುವಾಗ ಇನ್ನೊಂದು ಯೋಚನೆ ಬಂತು. ಬಂದವರನ್ನ ಮಾತ್ರ ಲೆಕ್ಕ ಹಾಕ್ತಿದ್ದೆ ನಾನು. ಬರದೇ ಇದ್ದವರು ಎಷ್ಟು ಜನ ಇದ್ದಾರೋ. ಎಲ್ಲೆಲ್ಲಿ ಇದ್ದಾರೋ. ನನ್ನ ಒಂದು ಮಾತು ಹೊತ್ತುಕೊಂಡು ಓಡಾಡ್ತಿರ್ತಾರೆ. ಈಗ ಅವರನ್ನ ಹೇಗೆ ಹುಡುಕಲಿ." ಸ್ಕೇಲನ್ನು ಮತ್ತೆ ಪೆಟ್ಟಿಗೆಯ ಮೇಲಿಟ್ಟರು. "ನೀನಾದ್ರೂ ಕ್ಷಮಿಸ್ತೀಯಾ?"

ಕ್ಷಮೆ ಕೇಳಲು ಮೆಟ್ಟಿಲು ಹತ್ತಿ ಬಂದವಳನ್ನೇ ಕ್ಷಮೆ ಕೇಳುತ್ತಿದ್ದಾರೆ. ಆಗಲಿ ಸಿಸ್ಟರ್ ಎನ್ನಲು ಬಾಯಿ ತೆರೆದೆ. ಆಗ ನನ್ನ ಪರ್ಸಿನಲ್ಲಿದ್ದ ಚೀಟಿ ನೆನಪಾಯಿತು. ಊಟ ಮಾಡುತ್ತಿಲ್ಲ. ಎರಡು ವಾರದಿಂದ. ಎರಡು ವಾರದ ಹಿಂದೆ ನಾನು ನಾಲ್ಕನೇ ತರಗತಿಗೆ ಆ ಹಾಡು ಶುರು ಮಾಡಿದ್ದೆ. ಅಲ್ಲಿ ಯಾಕೆ ನಿಲ್ಲಿಸೋದು ಮಿಸ್ ಎಂದು ಮುಂದಿನ ಬೆಂಚಿನವಳು ಕೇಳಿದ್ದಳು. ನಿಜ ಹೇಳಲು ಧೈರ್ಯವಿಲ್ಲದೆ, ನನಗೆ ಗೊತ್ತಿದ್ದ ಒಂದೇ ಉತ್ತರವನ್ನು ಕೊಟ್ಟಿದ್ದೆ. ಅದೇ ಮಾತು, ಬಹುಶಃ ಅದೇ ದನಿಯಲ್ಲಿ.

ಎದ್ದು ನಿಂತೆ.

"ಕೆಳಗೆ ಒಬ್ಬಳಿದ್ದಾಳೆ ಸಿಸ್ಟರ್. ಮೊದಲು ಅವಳನ್ನ ನೋಡಿ ಬರ್ತೀನಿ," ಎಂದು ಅವರ ಎಡಗಿವಿಗೆ ಹೇಳಿ ಮೆಟ್ಟಿಲಿಳಿದೆ.

ನಾಲ್ಕನೇ ತರಗತಿಯಲ್ಲಿ ಗಣಿತ ನಡೆಯುತ್ತಿತ್ತು. ಗಣಿತದ ಟೀಚರ ಹುಬ್ಬು ಗಂಟಿಕ್ಕಿದ್ದನ್ನು ನೋಡದವಳ ಹಾಗೆ ಮೂವತ್ತು ಹುಡುಗಿಯರನ್ನು ಸಂಗೀತದ ಕೋಣೆಗೆ ಸಾಗಿಸಿದೆ. ಪಿಯಾನೋ ಸುತ್ತ ನಿಲ್ಲಿಸಿದೆ. ಹರಳೆಣ್ಣೆ ಬಾಗಿಲ ಹತ್ತಿರವೇ ಉಳಿದಳು. ಕೈ ಹಿಡಿದು ಮುಂದೆ ತಂದೆ. ಅಂಗೈ ಬೆವರಿ ಒದ್ದೆಯಾಗಿತ್ತು, ಬಾವಿಯ ಕಟ್ಟೆಗೆ ಎಳೆಯುತ್ತಿದ್ದೇನೋ ಎನ್ನುವ ಹಾಗೆ ಹಿಂದಕ್ಕೆ ಜಗ್ಗುತ್ತಿದ್ದಳು.

"ಈಗ ತೆಗೀರಿ. ಎಲ್ಲರಿಗೂ ಕಾಣೋ ಹಾಗೆ," ಎಂದೆ ರಿಪೇರಿಯವರಿಗೆ.

ಅವರು ಮುಂದಿನ ಹಲಗೆ ಕಳಚಿ ದೀಪ ಹಿಡಿದರು. ಸಾಲಾಗಿ ನಿಂತ ಸಣ್ಣ ಸುತ್ತಿಗೆಗಳು ಕಂಡವು. ಒಂದು ಮಾತ್ರ ಪಕ್ಕಕ್ಕೆ ವಾಲಿತ್ತು. ಅದನ್ನು ಮೆಲ್ಲಗೆ ಬಿಡಿಸಿ ಅಂಗೈಯಲ್ಲಿಟ್ಟು ತೋರಿಸಿದರು. "ನೋಡಿ ಮಕ್ಕಳೇ. ಈ ಉಣ್ಣೆ ನುಸಿ ತಿಂದಿದೆ. ಈ ಚರ್ಮದ ಪಟ್ಟಿ ಒಣಗಿ ತುಂಡಾಗಿದೆ. ಇದು ಯಾರೂ ಮಾಡಿದ್ದಲ್ಲ. ಐವತ್ತು ವರ್ಷದ ಮಾತು, ನಿಮ್ಮ ಅಜ್ಜಿಯರು ಶಾಲೆಗೆ ಬರೋ ಕಾಲದ್ದು."

"ಗುದ್ದಿದರೆ ಹೀಗಾಗುತ್ತಾ?" ಎಂದು ನಾನು ಕೇಳಿದೆ. ನನಗಾಗಿಯೂ ಕೇಳಿದೆ.

"ಗುದ್ದಿಗೆಲ್ಲ ಹೆದರೋ ಜಾತಿಯಲ್ಲ ಇದು."

ಆಮೇಲೆ ಕೀಗಳ ಕೆಳಗಿನ ಪಟ್ಟಿ ಎತ್ತಿದರು. ಅಲ್ಲಿ ಧೂಳಿನ ನಡುವೆ ಕೂದಲ ಪಿನ್ನು, ಪೆನ್ಸಿಲ್ ತುಂಡು, ತುಕ್ಕು ಹಿಡಿದ ಒಂದು ಮೆಡಲು. ಎಲ್ಲಕ್ಕಿಂತ ಮೇಲೆ, ಧೂಳು ಕೂಡ ಹಿಡಿಯದ ಹಸಿರು ರಬ್ಬರಿನ ಚೂರು. ನನ್ನ ಕೈಯೊಳಗಿನ ಪುಟ್ಟ ಕೈ ಬಿಗಿಯಾಯಿತು.

"ಅದು ನಂದು," ಎಂದಳು ಹರಳೆಣ್ಣೆ. ಬಾಯಿಂದ ಗಾಳಿ ಮಾತ್ರ ಬಂತು. "ಸಂದೀಲಿ ಬಿತ್ತು. ತೆಗೆಯೋಕೆ ಹೋದರೆ ಇನ್ನೂ ಒಳಗೆ ಹೋಯ್ತು. ಅವತ್ತೇ ಆ ಹಾಡು ಬಂತು. ನನ್ನಿಂದಾನೇ ಎಲ್ಲರೂ ಸುಮ್ಮನಿರೋ ಹಾಗಾಯ್ತು ಅಂತ…"

ರಿಪೇರಿಯವರು ಗೇಣು ಹಾಕಿ ತೋರಿಸಿದರು. "ನಿನ್ನ ರಬ್ಬರು ಇಲ್ಲಿ. ಆ ಕರಿ ಕೀ ಅಲ್ಲಿ. ಎರಡಕ್ಕೂ ಸಂಬಂಧಾನೇ ಇಲ್ಲ ಮಗಳೇ." ರಬ್ಬರನ್ನು ಪ್ಯಾಂಟಿಗೆ ಒರೆಸಿ ಅವಳ ಕೈಗೆ ಕೊಟ್ಟರು.

ಅವಳು ಅಳಲಿಲ್ಲ. ರಬ್ಬರನ್ನು ತಿರುಗಿಸಿ ಮುರುಗಿಸಿ ನೋಡುತ್ತ ನಿಂತಳು. ಅಳು ಬಂದದ್ದು ನನಗೆ. ಮೂವತ್ತು ಮಕ್ಕಳ ಎದುರಿಗೆ ಮೂಗೊರೆಸಿಕೊಂಡು ಹೇಳಿದೆ. ಒಂಬತ್ತು ವರ್ಷದವಳಾಗಿದ್ದಾಗ ನಾನೂ ಈ ಪಿಯಾನೋಗೆ ಗುದ್ದಿದ್ದೆ, ನಾನೇ ಮುರಿದೆ ಅಂದುಕೊಂಡಿದ್ದೆ. ಮಿಸ್ಸು ಗುದ್ದಿದ್ದರು ಎಂದು ಹಿಂದಿನವರು ಕಿಸಕ್ಕನೆ ನಕ್ಕರು. "ಗೊತ್ತಿರೋರಿಗೆ ಗೊತ್ತು ಅಂದೆನಲ್ಲ ಅವತ್ತು, ನನಗೇ ಏನೂ ಗೊತ್ತಿರ್ಲಿಲ್ಲ. ಹಾಗೆ ಹೇಳಬಾರದಿತ್ತು. ನನ್ನದು ತಪ್ಪಾಯ್ತು," ಎಂದು ಹರಳೆಣ್ಣೆಯ ಕಡೆ ತಿರುಗಿದೆ. "ಕ್ಷಮಿಸ್ತೀಯಾ?"

ಅವಳು ರಬ್ಬರನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಮುಖ ನೋಡಿದಳು. ಎರಡು ವಾರ ಊಟ ಬಿಟ್ಟವಳು, ಅಷ್ಟು ಸುಲಭಕ್ಕೆ ಬಿಡುತ್ತಾಳೆಯೇ.

"ಯೋಚನೆ ಮಾಡಿ ಹೇಳ್ತೀನಿ ಮಿಸ್," ಎಂದಳು.

ಹೊಸ ಪಟ್ಟಿ, ಹೊಸ ಉಣ್ಣೆ ಹಾಕಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ನಾನು ಕೂತು ನುಡಿಸಿದೆ, ಮಕ್ಕಳು ಹಾಡಿದರು. 'ಬಾಗಿಲ ತೆರೆ' ಎಂದು ಎಲ್ಲರೂ ಎಂದಿನಂತೆ ನಿಂತರು. ಅಭ್ಯಾಸ ಎಲ್ಲಿ ಹೋಗುತ್ತದೆ. ಆ ಮೌನದೊಳಗೆ ಕರಿ ಕೀ ಒಂದೇ ದನಿ ಕೊಟ್ಟಿತು. ಅಷ್ಟು ವರ್ಷ ಸುಮ್ಮನಿದ್ದದ್ದಕ್ಕೋ ಏನೋ, ಉಳಿದವಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಮಕ್ಕಳು 'ತಾಯೆ' ಎನ್ನುವುದನ್ನೇ ಮರೆತರು. ನೇರ ಮೇಲಿನ ಕೋಣೆಯಲ್ಲಿ ಕುರ್ಚಿಯ ಗಾಲಿ ಸರಿದ ಸದ್ದಾಯಿತು.

ಅಲ್ಲಿ ನಿಜಕ್ಕೂ 'ಓ' ಎನ್ನಬೇಕು ಎಂದು ಹೇಳಿಕೊಟ್ಟೆ. ಎರಡನೇ ಸಲ ಹಾಡಿದಾಗ ಹರಳೆಣ್ಣೆ ಒಬ್ಬಳು ಮಾತ್ರ 'ಓ' ಎಂದಳು. ಶ್ರುತಿ ತಪ್ಪಿತ್ತು. ನಾನು ತಿದ್ದಲಿಲ್ಲ.

ಶನಿವಾರ ಬೆಳಿಗ್ಗೆ ಸಿಸ್ಟರನ್ನು ಕುರ್ಚಿ ಸಮೇತ ಇಳಿಸಿ ವ್ಯಾನಿನಲ್ಲಿ ಕೂರಿಸಿದರು. ಅವರು ಹೋಗುತ್ತಿದ್ದದ್ದು ಅರ್ಧ ದಿನದ ದಾರಿಯ ಮನೆಗೆ, ವಯಸ್ಸಾದ ಸಿಸ್ಟರುಗಳೇ ಇರುವ ಮನೆ. ಎಲ್ಲರೂ ಕೈ ಹಿಡಿದು ಬೀಳ್ಕೊಟ್ಟ ಮೇಲೆ ನಾನು ಕಿಟಕಿಯ ಹತ್ತಿರ ಹೋದೆ, ಈ ಸಲ ಎಡಗಡೆಗೆ.

"ನಿನ್ನೆ ಕೇಳಿಸ್ತು," ಎಂದರು. ಮಡಿಲಲ್ಲಿ ಸ್ಕೇಲು ಇತ್ತು, ಕೈ ಅದರ ಮೇಲೆ ಸುಮ್ಮನೆ ಬಿದ್ದಿತ್ತು. ಆಮೇಲೆ, "ಇನ್ನು ಯಾರೂ ಬರಲ್ಲ ಬಿಡು. ಆಗಬೇಕಾದ್ದೇ ಅದು," ಎಂದರು.

"ಕ್ಷಮಿಸ್ತೀಯಾ ಅಂತ ಆ ಹುಡುಗೀನ ಕೇಳಿದೆ ಸಿಸ್ಟರ್. ಯೋಚನೆ ಮಾಡಿ ಹೇಳ್ತಾಳಂತೆ."

ಅವರ ಹೊಟ್ಟೆ ಮತ್ತೆ ಕುಲುಕಿತು. "ಮತ್ತೆ ನೀನು?"

ಕೋಪ ಇನ್ನೂ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

"ನಾನೂ ಯೋಚನೆ ಮಾಡಿ ಹೇಳ್ತೀನಿ," ಎಂದೆ. "ಬೇಗ ಆಗೋದಲ್ಲ ಅದು. ತಿಂಗಳಿಗೊಂದು ಸಲ ಅಲ್ಲಿಗೇ ಬಂದು, ಎಲ್ಲೀವರೆಗೆ ಬಂತು ಅಂತ ಹೇಳಿ ಹೋಗ್ತೀನಿ."

ಸಿಸ್ಟರ್ ಸ್ಕೇಲೆತ್ತಿ ವ್ಯಾನಿನ ಬಾಗಿಲಿಗೆ ಎರಡು ಸಲ ತಟ್ಟಿದರು. ಡ್ರೈವರು ಅದನ್ನು ಹೊರಡು ಎಂದು ತಿಳಿದು ಗಾಡಿ ಬಿಟ್ಟ.